ಮನೆ ಅಂಗಳದ ಧಾರೆಗೂ ಎಸಿ ಹಾಲ್‌ನ ಆರತಕ್ಷತೆಗೂ ಒಂದೇ ಹೂವು ನಡೆಯುತ್ತಾ?

ತುಂಗಾತೀರ
ತಂಗಿ ಮದುವೆ ಮೇ ತಿಂಗಳಲ್ಲಿ. ಧಾರೆ ತೀರ್ಥಹಳ್ಳಿ ಹತ್ತಿರ ನಮ್ಮ ಮನೆ ಅಂಗಳದಲ್ಲೇ, ಅಡಿಕೆ ಗರಿಯ ಸೋಗೆ ಚಪ್ಪರ ಹಾಕಿ. ಮುಹೂರ್ತ ಬೆಳಗ್ಗೆ 9.40ಕ್ಕೆ. ಎರಡು ದಿನ ಬಿಟ್ಟು ಬೆಂಗಳೂರಲ್ಲಿ ಸಂಜೆ ಆರತಕ್ಷತೆ. ಅದು ಪೂರ್ತಿ ಎಸಿ ಇರುವ ಕನ್ವೆನ್ಷನ್ ಹಾಲ್. ಗೋಡೆಯೆಲ್ಲ ಚಿನ್ನದ ಹಳದಿ, ಕಿಟಕಿ ಒಂದೂ ಇಲ್ಲ.

ಬೆಂಗಳೂರಿನ ಡೆಕೊರೇಟರ್ ಎರಡೂ ಕಡೆಗೆ ಒಂದೇ ಥೀಮ್ ಅಂತ ಪಟ್ಟಿ ಕಳಿಸಿದ್ದಾರೆ. ಹೈಡ್ರೇಂಜಿಯಾ, ತಿಳಿಗುಲಾಬಿ ಬಣ್ಣದ ಕಾರ್ನೇಷನ್, ಬಿಳಿ ಲಿಲ್ಲಿ, ಜಿಪ್ಸೊಫಿಲಾ. ಫೋಟೊದಲ್ಲಿ ತುಂಬಾ ಚೆನ್ನಾಗಿದೆ. ಆದ್ರೆ ಅಡಿಕೆ ದಬ್ಬೆ, ಸೋಗೆ, ಕೆಂಪು ಗಾರೆ ಜಗಲಿ ಇರೋ ನಮ್ಮ ಮನೆಗೆ ಅದು ಹೊಂದುತ್ತಾ ಅನ್ನೋದೇ ಪ್ರಶ್ನೆ. ಅಮ್ಮ "ಮಲ್ಲಿಗೆ, ಹಿಂಗಾರ (ಅಡಿಕೆ ಮರದ ಹೂಗೊಂಚಲು) ಇಲ್ದೆ ಧಾರೆನಾ?" ಅಂತಿದ್ದಾರೆ. ತಂಗಿಗೆ ತಿಳಿ ಬಣ್ಣ ಇಷ್ಟ. ಜಾಗ ನೋಡಿ ಹೂ ಆರಿಸೋದು ಹೇಗೆ? ಅನುಭವ ಇದ್ದವರು ದಯವಿಟ್ಟು ಹೇಳಿ. ದುಡ್ಡಿನ ಲೆಕ್ಕವೂ ನೋಡಬೇಕು.

ಗೀತಕ್ಕ ಗಿರಿನಗರ
ಮೊದಲು ತಂಗಿಗೆ ಶುಭಾಶಯ ಹೇಳಪ್ಪ. ಆಮೇಲೆ ಆ ಪಟ್ಟಿಯಿಂದ ಹೈಡ್ರೇಂಜಿಯಾ ಹೊಡೆದು ಹಾಕು. ಅಂಗಳಕ್ಕೆ ಅದು ಬೇಡವೇ ಬೇಡ.

ತುಂಗಾತೀರ
ಯಾಕಕ್ಕ? ನಮ್ಮ ಕಡೆ ಹಿತ್ತಲಲ್ಲೇ ಬೆಳೆಯುತ್ತಲ್ಲ ಅದು.

ತೋಟದ ಮೇಷ್ಟ್ರು
ಗಿಡದಲ್ಲಿರೋದು ಬೇರೆ, ಕತ್ತರಿಸಿ ಕಂಬಕ್ಕೆ ಕಟ್ಟೋದು ಬೇರೆ. ಹೈಡ್ರೇಂಜಿಯಾ ವಿಪರೀತ ನೀರು ಕುಡಿಯುವ ಹೂ. ದಂಟು ನೀರಿನಿಂದ ಹೊರಗಿದ್ದು ಮೇ ತಿಂಗಳ ಬಿಸಿಲು, ಗಾಳಿ ತಾಗಿದರೆ ಮುಹೂರ್ತಕ್ಕೆ ಮುಂಚೆಯೇ ಜೋಲು ಬೀಳುತ್ತೆ.

ಇದನ್ನು ಹೀಗೆ ಯೋಚಿಸಿ. ನಮ್ಮ ಬಿಡಿ ಹೂಗಳು, ಅಂದರೆ ಚೆಂಡು ಹೂ, ಸೇವಂತಿಗೆ, ಕನಕಾಂಬರ, ಸುಗಂಧರಾಜದ ಬಿಡಿ ಮೊಗ್ಗು, ಇವೆಲ್ಲ ನೀರಿಲ್ಲದೆ ದಾರದ ಮೇಲೆ ಒಂದು ದಿನ ಬದುಕುವಂಥವು. ಅದಕ್ಕೇ ತಲೆತಲಾಂತರದಿಂದ ಚಪ್ಪರಕ್ಕೆ ಅವು ಬಂದಿದ್ದು. ಗುಲಾಬಿ, ಕಾರ್ನೇಷನ್, ಜರ್ಬೆರಾ, ಲಿಲ್ಲಿ, ಆರ್ಕಿಡ್ ದಂಟಿನ ಹೂಗಳು. ಅವುಗಳ ಬುಡದಲ್ಲಿ ನೀರು ಇರಲೇಬೇಕು. ಸೋಗೆ ಚಪ್ಪರದಲ್ಲಿ ನೀರು ಎಲ್ಲಿಂದ ಕೊಡ್ತೀರಿ? ಕಂಬಕಂಬಕ್ಕೂ ಹಸಿರು ಸ್ಪಾಂಜ್ ಕಟ್ಟಬೇಕು, ಅದು ತೊಟ್ಟಿಕ್ಕಿ ಕೆಳಗೆ ಕೂತವರ ರೇಷ್ಮೆ ಸೀರೆ ಒದ್ದೆಯಾಗುತ್ತೆ. ಎಸಿ ಹಾಲ್‌ನಲ್ಲಿ ಸ್ಟೇಜ್ ಹಿಂದೆ ಚೌಕಟ್ಟು ನಿಲ್ಲಿಸ್ತಾರೆ, ಅಲ್ಲಿ ದಂಟಿನ ಹೂ ಸರಿಹೋಗುತ್ತೆ. ಹಾಗಾಗಿ ಬಣ್ಣದ ಮಾತು ಆಮೇಲೆ. ಈ ಜಾಗದಲ್ಲಿ ಹೂವಿಗೆ ನೀರು ಸಿಗುತ್ತಾ ಅನ್ನೋದು ಮೊದಲು.

ಸೋಗೆಮನೆ
ಮೇಷ್ಟ್ರು ಸರಿಯಾಗಿ ಹೇಳಿದ್ರು. ನಮ್ಮದು ಕೊಪ್ಪದ ಕಡೆ. ಮಲೆನಾಡಿನ ಚಪ್ಪರಕ್ಕೆ ಹೂವಿಗಿಂತ ಹಸಿರೇ ಮುಖ್ಯ ಮಾರಾಯ. ಬಾಗಿಲಿಗೆ ಗೊನೆ ಸಮೇತ ಬಾಳೆಕಂದು, ಮಾವಿನ ತೋರಣ, ಬೈನೆ ಗರಿ, ಅಡಿಕೆ ಗೊನೆ, ಎಳೆ ತೆಂಗಿನ ಗರಿ ಸೀಳಿ ಹೆಣೆದ ಗಿಳಿ, ಜಾಲರಿ. ಇಷ್ಟಾದ್ರೆ ಮುಕ್ಕಾಲು ಕೆಲಸ ಮುಗೀತು. ದಬ್ಬೆಯ ಬೂದುಕಂದು, ಸೋಗೆಯ ಒಣ ಬಣ್ಣ, ಕೆಳಗೆ ಕೆಂಪು ಗಾರೆ. ಇದರ ಮಧ್ಯೆ ಬಿಳಿ ಹೂ ಎದ್ದು ಕಾಣುತ್ತೆ. ಸುಗಂಧರಾಜ, ಮಲ್ಲಿಗೆ, ಹಿಂಗಾರ, ಎಲ್ಲಾ ಬಿಳಿ ಕೆನೆ ಬಣ್ಣದವೇ. ನಿಮ್ಮ ತಂಗಿಗೆ ಬೇಕಾದ ತಿಳಿ ಬಣ್ಣ ಅದೇ ಅಲ್ವಾ? ಅಮ್ಮನ ಮಾತೂ ಉಳೀತು, ತಂಗಿ ಮಾತೂ ಉಳೀತು.

ತಿಳಿಗುಲಾಬಿ ಕಾರ್ನೇಷನ್ ಮಾತ್ರ ಸೋಗೆ ಪಕ್ಕ ಇಟ್ರೆ ಮಾಸಿದ ಬಟ್ಟೆ ಥರ ಕಾಣುತ್ತೆ. ನಾನು ನೋಡಿದೀನಿ.

ಮಾರ್ಕೆಟ್ ಮಂಜ
ಕೆ.ಆರ್. ಮಾರ್ಕೆಟ್‌ನಲ್ಲಿ ನಮ್ಮ ತಾತನ ಕಾಲದಿಂದ ಹೂವಿನ ವ್ಯಾಪಾರ. ಎರಡು ವಿಷಯ ಹೇಳ್ತೀನಿ.

ಮೇ ತಿಂಗಳು ಮಲ್ಲಿಗೆಗೆ ಒಳ್ಳೆ ಕಾಲ. ಬೇಸಿಗೆ ಬಿಸಿಲಿಗೆ ಗಿಡ ಮೊಗ್ಗು ಸುರಿಯುತ್ತೆ. ಇದೇ ಮದುವೆ ಚಳಿಗಾಲದಲ್ಲಿ ಇದ್ದಿದ್ರೆ ನಾನೇ "ಮಲ್ಲಿಗೆ ಹಟ ಬೇಡ, ಕಾಕಡ ತಗೊಳ್ಳಿ" ಅಂತಿದ್ದೆ. ಸೇವಂತಿಗೆ ಇದಕ್ಕೆ ಉಲ್ಟಾ, ಹಗಲು ಚಿಕ್ಕದಾದಾಗ ತಾನಾಗಿ ಹೂ ಬಿಡೋ ಗಿಡ ಅದು. ಕಾರ್ತಿಕ ಮಾಸದಲ್ಲಿ ಚಿಕ್ಕಬಳ್ಳಾಪುರ, ಕೋಲಾರದ ಕಡೆಯಿಂದ ಲೋಡುಗಟ್ಟಲೆ ಬರುತ್ತೆ. ಬೇಸಿಗೇಲಿ ಬರೋದು ಕಡಿಮೆ, ರೇಟು ಜಾಸ್ತಿ. ಕಾಲಕ್ಕೆ ಬಂದ ಹೂ ತಗೊಂಡ್ರೆ ಅಷ್ಟೇ ದುಡ್ಡಿಗೆ ಡಬಲ್ ಅಲಂಕಾರ ಆಗುತ್ತೆ.

ಇನ್ನೊಂದು, ಮುಹೂರ್ತದ ಹೊತ್ತು. ಮಲ್ಲಿಗೆ ಮೊಗ್ಗು ಬೆಳಗ್ಗೆ ಕಿತ್ತರೆ ಅವತ್ತೇ ಸಂಜೆ ಬಿರಿಯುತ್ತೆ. ಸಂಜೆ ಆರತಕ್ಷತೆಗೆ ಅದು ಹೇಳಿ ಮಾಡಿಸಿದ ಹೂ, ಜನ ಬರೋ ಹೊತ್ತಿಗೆ ಘಮ ಶುರು. ಆದರೆ ಬೆಳಗ್ಗೆ 9.40ರ ಧಾರೆಗೆ ಹಿಂದಿನ ದಿನದ ಮಲ್ಲಿಗೆ ತಂದ್ರೆ ರಾತ್ರಿಯೇ ಅರಳಿ ಬೆಳಗ್ಗೆ ಹೊತ್ತಿಗೆ ಸುಸ್ತಾಗಿರುತ್ತೆ. ಮೊಗ್ಗಿನ ಜಡೆ ಇದ್ರೆ ಇನ್ನೂ ಹುಷಾರಾಗಿರಬೇಕು. ಜಡೆ ಹೆಣೆಯೋಕೆ ಗಟ್ಟಿ ಮೊಗ್ಗೇ ಬೇಕು, ಅರಳಿದ್ರೆ ಅದರ ಅಂದ ಹೋಯ್ತು. ಅದಕ್ಕೆ ಬೆಳಗಿನ ಧಾರೆಗೆ ಹಾರ ಸುಗಂಧರಾಜದ್ದು ಮಾಡ್ಸಿ, ಮಲ್ಲಿಗೆ ಮುಡಿಗೆ ಮಾತ್ರ ಇಡಿ.

ಶಂಕರಪುರದ ಸೊಸೆ
ಮಂಜಣ್ಣ ಮಾರ್ಕೆಟ್‌ನ ಮಲ್ಲಿಗೆ ಲೆಕ್ಕ ಹೇಳಿದ್ರು. ತೀರ್ಥಹಳ್ಳಿಗೆ ನಮ್ಮ ಉಡುಪಿ ಮಲ್ಲಿಗೆ ಹತ್ತಿರ ಅಲ್ವಾ? ಆಗುಂಬೆ ಘಾಟಿ ಹತ್ತಿದ್ರೆ ಆಯ್ತು. ನಮ್ಮಲ್ಲಿ ಅಟ್ಟೆ ಲೆಕ್ಕ. ಒಂದು ಚೆಂಡು ಅಂದ್ರೆ 800 ಹೂ, ನಾಲ್ಕು ಚೆಂಡು ಸೇರಿದ್ರೆ ಒಂದು ಅಟ್ಟೆ, ಅಂದ್ರೆ 3,200 ಹೂ. ಬಾಳೆನಾರಿನಲ್ಲೇ ಕಟ್ಟುವುದು, ಪ್ಲಾಸ್ಟಿಕ್ ದಾರ ಇಲ್ಲ. ನಾರು ತಂಪು ಹಿಡಿದಿಡ್ತದೆ, ಹೂವಿನ ಕುತ್ತಿಗೆಯನ್ನು ಕುಯ್ಯುವುದಿಲ್ಲ.

ದರ ಮಾತ್ರ ದಿನದಿನಕ್ಕೆ ಬೇರೆ. ಮದುವೆ ಸೀಸನ್‌ನಲ್ಲಿ ಅಟ್ಟೆಗೆ 2,000 ರೂಪಾಯಿ ದಾಟಿದ್ದೂ ಉಂಟು. ಮೇ ತಿಂಗಳ ಕೊನೆಗೆ ಪತ್ತನಾಜೆ, ಅಂದ್ರೆ ನಮ್ಮ ತುಳುನಾಡಿನ ಉತ್ಸವಗಳು ಮುಗಿಯುವ ದಿನ, ಬರುವ ತನಕ ದೈವಗಳ ನೇಮ, ಕೋಲ, ಮದುವೆ ಎಲ್ಲಾ ಒಟ್ಟೊಟ್ಟಿಗೆ ಇರ್ತದೆ, ಎಲ್ಲದಕ್ಕೂ ಮಲ್ಲಿಗೆಯೇ ಬೇಕು. ಹೂ ಮಾರುವ ಕಟ್ಟೆಯಲ್ಲಿ ಮೊದಲೇ ಹೇಳಿ ಇಡಿ.

ಬೆಳಗ್ಗಿನ ಧಾರೆಗೆ ಮಲ್ಲಿಗೆ ಆಗುವುದಿಲ್ಲ ಎಂಬ ಮಾತು ನಾನು ಒಪ್ಪುವುದಿಲ್ಲ. ನಮ್ಮ ಕರಾವಳಿಯ ಮದುವೆಗಳು ಹೆಚ್ಚಿನವು ಬೆಳಗ್ಗೆ, ಮಧ್ಯಾಹ್ನವೇ. ಹಿಂದಿನ ದಿನ ತಂದ ಹೂವನ್ನು ಬಾಳೆಲೆಯಲ್ಲಿ ಸುತ್ತಿ ಐಸ್ ಪೆಟ್ಟಿಗೆಯಲ್ಲಿ ಇಡಿ. ಐಸ್ ಹೂವಿಗೆ ತಾಗಬಾರದು, ತಾಗಿದಲ್ಲಿ ಕಂದು ಕಲೆ ಬೀಳ್ತದೆ. ನಡುವೆ ಒದ್ದೆ ಬಟ್ಟೆ ಹಾಸಿ. ಹಾಗೆ ಇಟ್ರೆ ಅರಳುವುದು ನಿಧಾನ ಆಗ್ತದೆ.

ಮಾರ್ಕೆಟ್ ಮಂಜ
ಒಪ್ಕೊಂಡೆ ಅಕ್ಕಾ, ಐಸ್ ಪೆಟ್ಟಿಗೆ ಇದ್ರೆ ಆಗುತ್ತೆ. ಆದ್ರೆ ನೆಂಟರ ಗಲಾಟೇಲಿ ಅದನ್ನ ನೋಡ್ಕೊಳ್ಳೋಕೆ ಒಬ್ರು ಬೇಕು. ಇಲ್ದಿದ್ರೆ ಯಾರೋ ಜ್ಯೂಸ್ ಬಾಟ್ಲಿ ತುರುಕಿ ಹೂವನ್ನ ಹಿಂಡಿ ಹಾಕಿರ್ತಾರೆ.

ಹಂದರದ ಹುಡುಗ
ಬಾಗಲಕೋಟಿ ಕಡೆಯಂವ ನಾ. ನಿಮ್ಮ ತಂಪು ಊರಾಗ ಕುಂತು ಬಿಸಲು ಬಿಸಲು ಅಂತೀರಲ್ರಿ, ನಮ್ಮಲ್ಲಿ ಮೇ ತಿಂಗಳಾಗ ಮನಿ ಮುಂದ ಹಂದರ ಹಾಕಿ ಮದವಿ ಮಾಡೋದು ನೋಡ್ರಿ ಒಮ್ಮೆ. ಚಂಡು ಹೂ ಒಂದ ನಿಲ್ಲತೈತಿ ಆ ಝಳಕ್ಕ. ಮಲ್ಲಿಗಿ ಬೇಕಂದ್ರ ಹೂವಿನಹಡಗಲಿ ಮಲ್ಲಿಗಿ ಐತಿ, ಏನ್ ವಾಸನಿ ಅಂತೀರಿ. ಆದ್ರ ಅದನ್ನ ಹಂದರಕ್ಕ ಕಟ್ಟಿ ಹಾಳ ಮಾಡಬ್ಯಾಡ್ರಿ, ಮುಡಿಯಾಕ ಇಡ್ರಿ. ಬಾಸಿಂಗದ ಮುಂದ ಯಾ ಹೂ ಇದ್ರೂ ಕಣ್ಣಿಗೆ ಕಾಣಂಗಿಲ್ಲ ಬಿಡ್ರಿ.

ಬೆಳಕು ನೆರಳು
ಮದುವೆ ಫೋಟೊ ತೆಗೆಯೋದು ನನ್ನ ಕೆಲಸ. ಹಾಲ್ ಬಗ್ಗೆ ಯಾರೂ ಮಾತಾಡ್ಲಿಲ್ಲ, ನಾನು ಹೇಳ್ತೀನಿ.

ಚಿನ್ನದ ಹಳದಿ ಗೋಡೆ ಇರೋ ಹಾಲ್‌ಗೆ ಹಳದಿ ಚೆಂಡು ಹೂ, ಹಳದಿ ಸೇವಂತಿಗೆ ಹಾಕ್ಸಬೇಡಿ. ಗೋಡೆಯಲ್ಲಿ ಕರಗಿ ಹೋಗುತ್ತೆ, ಫೋಟೊದಲ್ಲಿ ಹೂ ಇದೆಯೋ ಇಲ್ವೋ ಗೊತ್ತಾಗಲ್ಲ. ಅಲ್ಲಿ ಬಿಳಿ ಜೊತೆ ದಟ್ಟ ಹಸಿರು ಎಲೆ ಅಥವಾ ಕಡು ಕೆಂಪು ಬೇಕು.

ಇನ್ನು ಲೈಟ್. ಡೆಕೊರೇಟರ್‌ಗಳು ಸ್ಟೇಜ್ ಮೇಲೆ ನೀಲಿ, ನೇರಳೆ ಎಲ್‌ಇಡಿ ಪಾರ್ ಲೈಟ್ ಬಿಡ್ತಾರೆ. ನೀಲಿ ಬೆಳಕಲ್ಲಿ ಕೆಂಪು, ಕೇಸರಿ ಹೂ ಕಪ್ಪಗೆ ಕಾಣುತ್ತೆ, ಯಾಕಂದ್ರೆ ಆ ಹೂ ವಾಪಸ್ ಕೊಡಬೇಕಾದ ಬಣ್ಣವೇ ಆ ಬೆಳಕಲ್ಲಿ ಇರಲ್ಲ. ಸಾವಿರಾರು ರೂಪಾಯಿಯ ಗುಲಾಬಿ ಬೆಂದ ಬೀಟ್‌ರೂಟ್ ಥರ ಕಾಣಿಸಿದ್ದನ್ನ ನೋಡಿ ಹೊಟ್ಟೆ ಉರಿದಿದೆ. ಬಿಳಿ ಹೂ ಮೇಲೆ ಯಾವ ಬಣ್ಣ ಬಿಟ್ಟರೂ ಆ ಬಣ್ಣ ಕುಡಿಯುತ್ತೆ. ಹಾಗಾಗಿ ಕೆಂಪು ಹೂ ಆದರೆ ಬೆಚ್ಚನೆ ಬಿಳಿ ಬೆಳಕು ಅಂತ ಬರೆಸಿಕೊಳ್ಳಿ. ಬಣ್ಣದ ಲೈಟ್ ಬೇಕೇ ಬೇಕು ಅಂದರೆ ಹೂ ಬಿಳಿ ಇರಲಿ.

ಅಂಗಳದಲ್ಲಿ ಈ ತಲೆನೋವಿಲ್ಲ. ಸೋಗೆ ಸಂದಿಯಿಂದ ಇಳಿಯೋ ಬೆಳಗಿನ ಬಿಸಿಲು ಯಾವ ಲೈಟಿಗೂ ಸಾಟಿಯಿಲ್ಲ. ಆದರೆ ಚಪ್ಪರದ ಮೇಲೆ ನೀಲಿ ಟಾರ್ಪಾಲ್ ಹೊದಿಸಬೇಡಿ! ಧಾರೆ ಎರೆಯೋವಾಗ ಎಲ್ಲರ ಮುಖವೂ ನೀಲಿಯಾಗುತ್ತೆ. ಮಳೆ ಭಯ ಇದ್ರೆ ಬಿಳಿ ಅಥವಾ ಪಾರದರ್ಶಕ ಹಾಳೆ ಹಾಕ್ಸಿ.

ತುಂಗಾತೀರ
ಅಯ್ಯೋ, ನೀಲಿ ಟಾರ್ಪಾಲಿಗೆ ಅಪ್ಪ ಆಗ್ಲೇ ಹೇಳಿಟ್ಟಿದ್ದಾರೆ. ಇವತ್ತೇ ಬದಲಾಯಿಸ್ತೀವಿ. ತುಂಬಾ ಥ್ಯಾಂಕ್ಸ್ ಸರ್.

ಇನ್ನೊಂದು ಪ್ರಶ್ನೆ. ಹಾಲ್‌ಗೆ ಕಾರ್ನೇಷನ್, ಲಿಲ್ಲಿ ಹಾಕಿಸಬಹುದಾ? ಅಜ್ಜಿಗೆ ಉಬ್ಬಸ ಇದೆ.

ಗೀತಕ್ಕ ಗಿರಿನಗರ
ಲಿಲ್ಲಿ ಬೇಡಪ್ಪ. ಎಸಿ ಹಾಲ್‌ನಲ್ಲಿ ಗಾಳಿ ಹೊರಗೆ ಹೋಗಲ್ಲ, ಆ ವಾಸನೆ ಗಂಟೆಗಟ್ಟಲೆ ಸುತ್ತುತ್ತಾ ಇರುತ್ತೆ. ಅದೇ ಘಾಟು ಸುಗಂಧರಾಜಕ್ಕೂ ಇದೆ. ಅಂಗಳದಲ್ಲಿ ಹಿತ, ಮುಚ್ಚಿದ ಹಾಲ್‌ನಲ್ಲಿ ತಲೆನೋವು. ಉಬ್ಬಸದವರನ್ನು ಸ್ಟೇಜ್ ಹತ್ತಿರದ ಸಾಲಲ್ಲಿ ಕೂರಿಸಬೇಡಿ.

ಲಿಲ್ಲಿಯ ಒಳಗೆ ಕಂದು ಕೇಸರಿ ಪುಡಿ ಇರುತ್ತಲ್ಲ, ಅದು ರೇಷ್ಮೆಗೆ ತಾಗಿದ್ರೆ ಕಲೆ ಹೋಗಲ್ಲ. ನನ್ನ ಅಕ್ಕನ ಮಗಳ ಆರತಕ್ಷತೆಯಲ್ಲಿ ಹುಡುಗಿಯ ಕೆನೆ ಬಣ್ಣದ ಸೀರೆ ಸೆರಗಿಗೆ ತಾಗಿತು. ಯಾರೋ ಗಾಬರಿಯಲ್ಲಿ ಒದ್ದೆ ಕರವಸ್ತ್ರದಿಂದ ಉಜ್ಜಿದ್ರು, ಅಲ್ಲಿಗೆ ಪೂರ್ತಿ ಇಳೀತು. ಉಜ್ಜಲೇಬಾರದು. ಸೆಲೋ ಟೇಪ್ ಅಂಟಿಸಿ ಮೆಲ್ಲಗೆ ಎತ್ತಬೇಕು. ಲಿಲ್ಲಿ ಇಡಲೇಬೇಕು ಅಂದ್ರೆ ಹೂ ಅರಳುತ್ತಿದ್ದ ಹಾಗೇ ಆ ಕೇಸರದ ತುದಿಗಳನ್ನ ಚಿವುಟಿಸಿ.

ತೋಟದ ಮೇಷ್ಟ್ರು
ಕಾರ್ನೇಷನ್ ಹಾಲ್‌ಗೆ ಒಳ್ಳೆಯದೇ. ವಾಸನೆ ಕಡಿಮೆ, ಬಾಳಿಕೆ ಹೆಚ್ಚು. ಆದರೆ ಒಂದು ಶತ್ರು ಇದೆ, ಅದು ಮದುವೆ ಮನೆಯ ಉಗ್ರಾಣದಲ್ಲೇ ಕೂತಿರುತ್ತೆ.

ಹಾಲ್‌ನಲ್ಲಿ ಹಿಂದಿನ ರಾತ್ರಿ ಹೂವಿನ ಡಬ್ಬಗಳನ್ನು ಎಲ್ಲಿ ಇಡ್ತಾರೆ ನೋಡಿ. ಬಾಳೆಗೊನೆ, ಮಾವಿನ ಹಣ್ಣು, ಸೇಬಿನ ಪೆಟ್ಟಿಗೆ ಇಟ್ಟಿರೋ ಅದೇ ಕೋಣೆಯಲ್ಲಿ! ಮಾಗುವ ಹಣ್ಣಿನಿಂದ ಎಥಿಲೀನ್ ಅನ್ನೋ ಅನಿಲ ಬರುತ್ತೆ. ಕಾರ್ನೇಷನ್‌ಗೂ ಆರ್ಕಿಡ್‌ಗೂ ಅದು ವಿಷ ಇದ್ದಂಗೆ. ರಾತ್ರಿ ನೆಟ್ಟಗಿದ್ದ ಕಾರ್ನೇಷನ್ ಬೆಳಗ್ಗೆ ಎಸಳು ಒಳಕ್ಕೆ ಮಡಚಿಕೊಂಡು ನಿದ್ದೆ ಹೋದಂತೆ ಆಗಿರುತ್ತೆ, ಮತ್ತೆ ಬಿಚ್ಚಲ್ಲ. ಆಗ ಹೂ ತಂದುಕೊಟ್ಟವನಿಗೆ ಬೈತಾರೆ, ಪಾಪ ಅವನದ್ದೇನೂ ತಪ್ಪಿರಲ್ಲ. ಸೇವಂತಿಗೆ, ಜರ್ಬೆರಾಗೆ ಅಷ್ಟು ತೊಂದರೆ ಇಲ್ಲ. ಹಾಲ್ ಮ್ಯಾನೇಜರ್ ಹತ್ತಿರ ಹೂವಿಗೆ ಬೇರೆ ಕೋಣೆ ಕೇಳಿ. ಎಸಿ ಗಾಳಿ ನೇರ ಹೊಡೆಯೋ ಕಡೆ ಯಾವ ಹೂವನ್ನೂ ಇಡಬೇಡಿ, ಎಸಳ ಅಂಚು ಒಣಗುತ್ತೆ.

ಚಿಕ್ಕಪೇಟೆ ಹುಡುಗ
ಇಷ್ಟೆಲ್ಲ ತಾಪತ್ರಯ ಯಾಕೆ? ಈಗ ಬಟ್ಟೆಯ ಹೂ, ಪ್ಲಾಸ್ಟಿಕ್ ಹೂ ಎಷ್ಟು ಚೆನ್ನಾಗಿ ಬರುತ್ತೆ. ಚಿಕ್ಕಪೇಟೆಯಲ್ಲಿ ಬಾಡಿಗೆಗೂ ಸಿಗುತ್ತೆ. ಬಾಡಲ್ಲ, ವಾಸನೆ ಇಲ್ಲ, ಅಜ್ಜಿಗೂ ತೊಂದರೆ ಇಲ್ಲ. ಮಳೆ ಬಂದ್ರೂ ಚಿಂತೆ ಇಲ್ಲ.

ಶಂಕರಪುರದ ಸೊಸೆ
ಧಾರೆ ಮಂಟಪಕ್ಕೆ ಪ್ಲಾಸ್ಟಿಕ್ ಹೂವಾ? ಬೆಳಗ್ಗೆ ಸೂರ್ಯ ಹುಟ್ಟುವ ಮೊದಲು ಬಗ್ಗಿ ಬಗ್ಗಿ ಮೊಗ್ಗು ಕೊಯ್ಯುವ ಹೆಂಗಸರ ಮನೆ ನಡೆಯುವುದು ಈ ಮದುವೆಗಳಿಂದ. ನಮ್ಮ ಊರಲ್ಲಿ ನಾಲ್ಕು ಮಲ್ಲಿಗೆ ಗಿಡದ ಮೇಲೆ ಮಕ್ಕಳ ಫೀಸು ಕಟ್ಟಿದ ತಾಯಂದಿರಿದ್ದಾರೆ. ನೀವು ಬಾಡುವುದಿಲ್ಲ ಎಂದು ಹೇಳುವುದು ನಮಗೆ ಹೊಟ್ಟೆಯ ಪ್ರಶ್ನೆ.

ಚಿಕ್ಕಪೇಟೆ ಹುಡುಗ
ಅಕ್ಕಾ, ಬೇಜಾರು ಮಾಡ್ಕೋಬೇಡಿ. ಮಂಟಪಕ್ಕೆ ಅಂತ ಹೇಳಲಿಲ್ಲ. ಹಾಲ್‌ನ 20 ಅಡಿ ಎತ್ತರದ ಸೀಲಿಂಗ್‌ಗೆ ಹೇಳಿದ್ದು. ಅಲ್ಲಿ ನಿಜ ಹೂ ಕಟ್ಟಿದ್ರೂ ಕೆಳಗಿನಿಂದ ಯಾರಿಗೂ ಗೊತ್ತಾಗಲ್ಲ. ಆ ದುಡ್ಡು ಉಳಿಸಿ ಹತ್ತಿರದಿಂದ ಕಾಣೋ ಕಡೆ, ಮುಟ್ಟೋ ಕಡೆ ನಿಜ ಹೂ ಹಾಕಿ ಅಂತ.

ಬೆಳಕು ನೆರಳು
ಸೀಲಿಂಗ್ ಮಾತು ಒಪ್ಪಬಹುದು. ಹೋಮಕುಂಡದ ಹತ್ತಿರ ಮಾತ್ರ ಪ್ಲಾಸ್ಟಿಕ್, ನೈಲಾನ್ ಬಟ್ಟೆ ಬೇಡವೇ ಬೇಡ. ಒಂದು ಕಿಡಿ ಸಾಕು.

ಹಸಿರು ಕಸ
ಕಸದ ಬಗ್ಗೆಯೂ ಯೋಚಿಸಿ. ಬರೀ ಹೂ, ಎಲೆ, ಬಾಳೆನಾರು ಆದ್ರೆ ಮಾರನೇ ದಿನ ನೇರ ಗೊಬ್ಬರದ ಗುಂಡಿಗೆ. ನಿಮ್ಮದು ತೋಟದ ಮನೆ, ಇನ್ನೇನು ಬೇಕು. ಅದರಲ್ಲಿ ಜರಿ, ಥರ್ಮೋಕೋಲ್, ಪ್ಲಾಸ್ಟಿಕ್ ದಾರ, ಪಿನ್ನು ಸೇರಿದ್ರೆ ಗೊಬ್ಬರವೂ ಆಗಲ್ಲ, ಬೇರ್ಪಡಿಸೋಕೂ ಆಗಲ್ಲ. ಮೇಷ್ಟ್ರು ಹೇಳಿದ ಹಸಿರು ಸ್ಪಾಂಜ್ ಕೂಡ ಪ್ಲಾಸ್ಟಿಕ್ಕೇ. ಪುಡಿಯಾಗುತ್ತೆ, ಕರಗಲ್ಲ. ತೋಟಕ್ಕೆ ಎಸೆದ್ರೆ ಪುಡಿ ಮಣ್ಣಲ್ಲೇ ಉಳಿಯುತ್ತೆ. ಹಾಲ್‌ನಲ್ಲಿ ದಂಟಿನ ಹೂವಿಗೆ ನೀರು ತುಂಬಿದ ಹಿತ್ತಾಳೆ ಉರುಳಿ, ಚೊಂಬು, ಮಣ್ಣಿನ ಕುಡಿಕೆ ಇಡಿಸಿ.

ಸೋಗೆಮನೆ
ಅಂಗಳದ ಮದುವೆ ಅಂದ್ಮೇಲೆ ಒಂದು ಮುಖ್ಯ ವಿಷಯ ಮರೆಯಬೇಡಿ. ಹೆಜ್ಜೇನು! ಚಪ್ಪರದ ಸುತ್ತಮುತ್ತ ಮರದಲ್ಲಿ, ಮಾಡಿನ ಅಂಚಿನಲ್ಲಿ ಗೂಡು ಇದೆಯಾ ಅಂತ ಒಂದು ವಾರ ಮೊದಲೇ ನೋಡಿ. ಹೋಮದ ಹೊಗೆ ಅದಕ್ಕೆ ತಾಗಿದ್ರೆ ಮದುವೆಯೇ ಚದುರಿ ಹೋಗುತ್ತೆ. ಗೂಡಿದ್ರೆ ಹೋಮಕುಂಡದ ಜಾಗ ಬದಲಿಸಿ, ಗಾಳಿ ಬೀಸೋ ದಿಕ್ಕು ನೋಡಿ ಕೂರಿಸಿ. ಬೆಂಕಿ ಹಾಕಿ ಓಡಿಸೋ ಕೆಲಸಕ್ಕೆ ಮಾತ್ರ ಹೋಗಬೇಡಿ.

ಕುಪ್ಪಳಿ ದಾರಿ
ಬೈಬೇಡಿ. ತೀರ್ಥಹಳ್ಳಿ ಅಂದ್ಮೇಲೆ ಕುವೆಂಪು ಅವರ ಮಂತ್ರಮಾಂಗಲ್ಯ ನೆನಪಾಗಲ್ವಾ ಯಾರಿಗೂ? ಕುಪ್ಪಳಿಯಲ್ಲಿ ಈಗಲೂ ಎಷ್ಟೋ ಜೋಡಿ ಎರಡು ಹಾರ ಹಿಡಿದು ಬಂದು ಮದುವೆಯಾಗಿ ಹೋಗ್ತಾರೆ. ತೇಜಸ್ವಿಯವರ ಮದುವೆ 1966ರಲ್ಲಿ ಹಾಗೇ ಆಗಿದ್ದು. ಹೂವಿಗೆ ಸುರಿಯೋ ದುಡ್ಡಲ್ಲಿ ತಂಗಿ ಹೆಸರಲ್ಲಿ ಡೆಪಾಸಿಟ್ ಇಡಬಹುದು.

ಹಂದರದ ಹುಡುಗ
ಅವರು ಹೂ ಯಾವದು ಅಂತ ಕೇಳ್ಯಾರ್ರಿ, ಮದವಿ ಮಾಡಬೇಕೋ ಬ್ಯಾಡೋ ಅಂತ ಕೇಳಿಲ್ಲ.

ಕುಪ್ಪಳಿ ದಾರಿ
ಮಾಡಬೇಡಿ ಅಂದೆನಾ ನಾನು? ಮನೆಯಂಗಳದಲ್ಲಿ, ಊರಿನ ಎಲೆ ಹೂವಲ್ಲಿ ಮಾಡ್ತಿರೋದಕ್ಕೆ ಖುಷಿಯೇ ಆಯ್ತು. ಬೆಂಗಳೂರಿನ ಥೀಮನ್ನ ಘಟ್ಟದ ಊರಿಗೆ ಲಾರೀಲಿ ಹೊತ್ತು ತರೋದು ಬೇಡ ಅನ್ನೋದಷ್ಟೇ.

ತುಂಗಾತೀರ
ಜಗಳ ಬೇಡ ಪ್ಲೀಸ್. ತಂಗಿ ಈ ಥ್ರೆಡ್ ಓದ್ತಿದ್ದಾಳೆ. ಅಂಗಳಕ್ಕೆ ಬಿಳಿ, ಹಸಿರು ಅಂತ ಅವಳೂ ಒಪ್ಪಿದಳು. ಅಮ್ಮನಿಗೆ ಹಿತ್ತಲ ಡೇರೆ ಹೂ ಬಳಸೋ ಆಸೆ, ಅವಳಿಗೆ ಮುಡಿಗೆ ಸೀತಾಳೆ ದಂಡೆ ಬೇಕಂತೆ. ಸಿಗುತ್ತಾ?

ಸೋಗೆಮನೆ
ಡೇರೆ ಮಳೆಗಾಲದ ಹೂವು ತಮ್ಮಾ. ಮೇ ತಿಂಗಳಲ್ಲಿ ಗೆಡ್ಡೆ ಚಿಗುರ್ತಾ ಇರುತ್ತೆ ಅಷ್ಟೇ. ಅಮ್ಮಂಗೆ ಅದು ಗೊತ್ತಿರುತ್ತೆ, ಆಸೆಗೆ ಹೇಳಿರ್ತಾರೆ.

ಸೀತಾಳೆ ದಂಡೆ ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತೆ. ಮೇ, ಜೂನ್‌ನಲ್ಲಿ ಮರದ ಕೊಂಬೆಯಿಂದ ಇಳಿಬಿದ್ದಿರುತ್ತೆ, ತಿಳಿಗುಲಾಬಿ ಚುಕ್ಕೆಯ ಬಿಳಿ ದಂಡೆ. ಕಟ್ಟೋದೇ ಬೇಡ, ದೇವರೇ ಕಟ್ಟಿ ಕಳಿಸಿದ್ದು. ಹಾಗೇ ತುರುಬಿಗೆ ಸುತ್ತಬಹುದು.

ತೋಟದ ಮೇಷ್ಟ್ರು
ಒಂದು ವಿನಂತಿ. ಸೀತಾಳೆ ಕಾಡು ಆರ್ಕಿಡ್. ನಿಮ್ಮ ತೋಟದ ಮರದಲ್ಲಿದ್ದರೆ ಒಂದು ದಂಡೆ ಕತ್ತರಿಸಿಕೊಳ್ಳಿ, ಗಿಡವನ್ನು ತೊಗಟೆಯಿಂದ ಕೀಳಬೇಡಿ. ಅದು ಮತ್ತೆ ಬೇರು ಹಿಡಿದು ಹೂ ಬಿಡೋಕೆ ವರ್ಷಗಳು ಬೇಕು. ಮದುವೆಗೆ ಅಂತ ಕಾಡಿಗೆ ಹೋಗಿ ಗೋಣಿಚೀಲ ತುಂಬೋದನ್ನು ಕಂಡಿದ್ದೇನೆ, ಸಂಕಟ ಆಗುತ್ತೆ. ಮಧುಮಗಳ ಮುಡಿಗೆ ಒಂದು ಸಾಕು. ಮಂಟಪಕ್ಕೆ ಬೇಡ.

ಶಂಕರಪುರದ ಸೊಸೆ
ಸುರಗಿ ಹೂ ಗೊತ್ತುಂಟಾ? ಬೇಸಿಗೆ ಶುರುವಿನಲ್ಲಿ ಕಾಂಡದ ಮೈಮೇಲೆಲ್ಲ ಬಿಡ್ತದೆ. ಈಗಲೇ ಮಾಲೆ ಕಟ್ಟಿ ನೆರಳಲ್ಲಿ ಒಣಗಿಸಿ ಇಟ್ಟುಕೊಳ್ಳಿ. ಒಣಗಿದ್ರೂ ಪರಿಮಳ ಹೋಗುವುದಿಲ್ಲ. ರೆಂಜೆಯೂ (ಬಕುಳ) ಹಾಗೆಯೇ. ಬಂದ ಹೆಂಗಸರಿಗೆ ಅರಿಸಿನ ಕುಂಕುಮದ ಜೊತೆ ತಾಂಬೂಲದಲ್ಲಿ ಒಂದು ತುಂಡು ಸುರಗಿ ಮಾಲೆ ಇಟ್ಟು ಕೊಡಿ, ವರ್ಷಗಟ್ಟಲೆ ಸೀರೆ ಪೆಟ್ಟಿಗೆಯಲ್ಲಿ ಇಡ್ತಾರೆ.

ಎಡಿಸನ್ ಆಶಾ
ಸುರಗಿ ಅಂದ ತಕ್ಷಣ ಕಣ್ಣು ತುಂಬಿ ಬಂತು. ನಾವು ನ್ಯೂ ಜೆರ್ಸಿಯಲ್ಲಿ ಇರೋದು. ಇಲ್ಲಿ ಹೋಟೆಲ್ ಬಾಲ್‌ರೂಮಲ್ಲಿ ಮದುವೆ ಅಂದ್ರೆ ಹೂವಿಗಿಂತ ಮೊದಲು ಕರಾರು ಪತ್ರ ಓದಬೇಕು. ಹೋಮಕ್ಕೆ ಬೆಂಕಿ ಹಚ್ಚೋಕೆ ಮೊದಲೇ ಅನುಮತಿ, ಕಾರ್ಪೆಟ್ ಮೇಲೆ ಎಸಳು ಚೆಲ್ಲಿದ್ರೆ ಕ್ಲೀನಿಂಗ್ ಚಾರ್ಜು, ಗೋಡೆಗೆ ಏನೂ ಅಂಟಿಸುವ ಹಾಗಿಲ್ಲ. ಮಲ್ಲಿಗೆ ಸಿಕ್ಕರೂ ಬೆಲೆ ಕೇಳಿದ್ರೆ ಎದೆ ಧಸಕ್ ಅನ್ನುತ್ತೆ. ಅದಕ್ಕೇ ಹಾರಕ್ಕೆ ಇಲ್ಲಿ ಕಾರ್ನೇಷನ್ನೇ ಜಾಸ್ತಿ. ನೀವು ಊರಲ್ಲಿರೋರು ಮಲ್ಲಿಗೆ ಬಿಟ್ಟು ಕಾರ್ನೇಷನ್ ಕೇಳ್ತಿರೋದು ಓದಿ ಹೊಟ್ಟೆಕಿಚ್ಚಾಗ್ತಿದೆ.

ನಿಮ್ಮ ಬೆಂಗಳೂರು ಹಾಲ್‌ನ ಕರಾರನ್ನೂ ಓದಿ. ಹೊರಗಿನ ಡೆಕೊರೇಟರ್ ಬರಬಹುದಾ, ಎಷ್ಟು ಗಂಟೆಗೆ ಬಾಗಿಲು ಬಿಡ್ತಾರೆ, ಇವೆರಡು ಮುಖ್ಯ. ಹಾಲ್ ಮಧ್ಯಾಹ್ನ 2ಕ್ಕೆ ಕೈಗೆ ಬಂದ್ರೆ ಸಂಜೆ 6.30ಕ್ಕೆ ದೊಡ್ಡ ಹೂವಿನ ಗೋಡೆ ಎಬ್ಬಿಸೋಕಾಗಲ್ಲ.

ಗೆಂಟ್ ಕನ್ನಡಿಗ
ಬೆಲ್ಜಿಯಂನಿಂದ. ನಮ್ಮ ಸ್ನೇಹಿತೆ ಇಲ್ಲಿಯ ಹುಡುಗನನ್ನು ಮದುವೆಯಾದಾಗ ಅವಳ ಅಪ್ಪ ಅಮ್ಮ ಊರಿನ ರೂಢಿಯಂತೆ ಬಿಳಿ ಸೇವಂತಿಗೆಯಲ್ಲೇ ಮಂಟಪ ತುಂಬಿಸೋಣ ಅಂದಿದ್ದರು. ಇಲ್ಲಿ ನವೆಂಬರ್ 1ರ ಹೊತ್ತಿಗೆ ಎಲ್ಲರೂ ಸಮಾಧಿಗೆ ಇಡೋ ಹೂ ಅದೇ. ಹುಡುಗನ ಅಜ್ಜಿ ಪಟ್ಟಿ ನೋಡಿ ಮೌನವಾದರಂತೆ. ಹಳದಿ ಗುಲಾಬಿಗೆ ಬದಲಾಯಿಸಿದರು. ಎರಡು ದೇಶದ ಮದುವೆ ಆದರೆ ಬೀಗರ ಕಡೆ ಯಾವ ಹೂ ಯಾವುದಕ್ಕೆ ಅಂತ ಕೇಳಿಬಿಡಿ.

ಗೀತಕ್ಕ ಗಿರಿನಗರ
ಅದಕ್ಕೆ ದೇಶ ದಾಟಬೇಕಿಲ್ಲ. ದೇವಸ್ಥಾನದಲ್ಲಿ ಮದುವೆ ಮಾಡೋರೂ ಕೇಳಬೇಕು. ಶಿವನ ಗುಡಿಗೆ ಕೇದಗೆ ತರಬಾರದು. ಕಲ್ಲಿನ ಕಂಬಕ್ಕೆ ಮೊಳೆ ಹೊಡೆಯಬಾರದು, ಟೇಪ್ ಅಂಟಿಸಬಾರದು, ಬರೀ ದಾರದಲ್ಲಿ ಸುತ್ತಬೇಕು. ಕಲ್ಲಿನ ಬೂದು ಬಣ್ಣಕ್ಕೆ ಚೆಂಡು ಹೂವಿನ ಕೇಸರಿ ಎಷ್ಟು ಕಳೆ ಕೊಡುತ್ತೆ ಗೊತ್ತಾ? ಅಲ್ಲಿ ತಿಳಿ ಬಣ್ಣ ಹಾಕಿದ್ರೆ ಮಂಕು.

ನಯಸ್ಸಾದ ಗ್ರಾನೈಟ್ ನೆಲದ ಮೇಲೆ ಗುಲಾಬಿ ಎಸಳು ಹಾಸೋದು ಎಲ್ಲಿದ್ರೂ ಬೇಡ. ವಯಸ್ಸಾದವರು ಜಾರಿ ಬೀಳ್ತಾರೆ.

ತುಂಗಾತೀರ
ಅಳತೆ ಹೇಗೆ ಹೇಳೋದು ಅಣ್ಣಾ? ಡೆಕೊರೇಟರ್ "ಕಂಬಕ್ಕೆ ಇಷ್ಟು" ಅಂತಾರೆ, ಮಾರ್ಕೆಟ್‌ನಲ್ಲಿ ಮಾರು, ಕೆ.ಜಿ. ಅಂತಾರೆ. ತಲೆ ಕೆಟ್ಟು ಹೋಗಿದೆ.

ಮಾರ್ಕೆಟ್ ಮಂಜ
ಮೊಳ ಅಂದ್ರೆ ಮೊಣಕೈಯಿಂದ ನಡುಬೆರಳ ತುದಿ, ಸುಮಾರು ಒಂದೂವರೆ ಅಡಿ. ಮಾರು ಅಂದ್ರೆ ಎರಡೂ ಕೈ ಚಾಚಿದಷ್ಟು. ಆದ್ರೆ ಯಾರ ಕೈ ಅನ್ನೋದರ ಮೇಲೆ ಹೋಗುತ್ತೆ! ಅದಕ್ಕೇ ದೊಡ್ಡ ಆರ್ಡರ್‌ಗೆ ಅಡಿ ಲೆಕ್ಕದಲ್ಲೇ ಮಾತಾಡಿ. ನಿಮ್ಮ ಕಂಬ, ಬಾಗಿಲು, ಮಂಟಪದ ಸುತ್ತಳತೆ ಟೇಪ್ ಹಿಡಿದು ಬರ್ಕೊಳ್ಳಿ. ಕಂಬಕ್ಕೆ ಹೂ ಸುತ್ತಿದ್ರೆ ಜಾಸ್ತಿ ಬೇಕು, ಉದ್ದಕ್ಕೆ ಇಳಿಬಿಟ್ರೆ ಕಡಿಮೆ ಸಾಕು. ಊರಲ್ಲೇ ಕಟ್ಟೋ ಹಾಗಿದ್ರೆ ಮೊದಲು ಒಂದು ಕೆ.ಜಿ. ಹೂ ತಂದು ಕಟ್ಟಿಸಿ, ಎಷ್ಟು ಅಡಿ ಬಂತು ನೋಡಿ, ಅದರ ಮೇಲೆ ಆರ್ಡರ್ ಕೊಡಿ.

ಸುಗಂಧರಾಜದಲ್ಲಿ ಎರಡು ಥರ ಇದೆ. ಒಂದು ಸುತ್ತಿನ ಎಸಳಿನದ್ದು ಹಾರಕ್ಕೆ, ವಾಸನೆ ಅದರಲ್ಲೇ ಜಾಸ್ತಿ. ಸುತ್ತು ಸುತ್ತಿನದ್ದು ದಂಟು ಸಮೇತ ಹೂದಾನಿಗೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಬಿಟ್ಟ ಅರ್ಕಾ ಪ್ರಜ್ವಲ್ ತಳಿ ಹಾರಕ್ಕೆ ಚೆನ್ನಾಗಿದೆ, ಮೊಗ್ಗು ದಪ್ಪ. ಹಾಲ್‌ಗೆ ಗುಲಾಬಿ, ಕಾರ್ನೇಷನ್ ಬೇಕಿದ್ರೆ ಎರಡು ದಿನ ಮೊ‌ದಲೇ ತಂದು ದಂಟು ಓರೆಯಾಗಿ ಕತ್ತರಿಸಿ ನೀರಲ್ಲಿ ನಿಲ್ಲಿಸ್ಬೇಕು. ಬಿಡಿ ಹೂವನ್ನ ಮಾತ್ರ ಅದೇ ದಿನ ಬೆಳಗಿನ ಜಾವ ಬಂದು ತಗೊಳ್ಳಿ.

ಸೋಗೆಮನೆ
ಹಿಂಗಾರದ ಬಗ್ಗೆ ಒಂದು. ಹಾಳೆ ಬಿಚ್ಚದ ಹಿಂಗಾರವನ್ನೇ ಇಳಿಸಿ, ಧಾರೆಗೆ ಸ್ವಲ್ಪ ಮುಂಚೆ ಹಾಳೆ ಸೀಳಿ. ಒಳಗಿಂದ ಕೆನೆ ಬಣ್ಣದ ಎಳೆಗಳು ತೇವವಾಗಿ, ಹೊಳೀತಾ ಹೊರಗೆ ಬರ್ತವೆ. ರಾತ್ರಿಯೇ ಬಿಚ್ಚಿಟ್ರೆ ಬೆಳಗ್ಗೆ ಕಾಳು ಉದುರುತ್ತೆ. ಒಂದು ಹಿಂಗಾರ ತೆಗೆದ್ರೆ ಒಂದು ಗೊನೆ ಅಡಿಕೆ ಹೋಯ್ತು ಅಂತ ಲೆಕ್ಕ. ಹಾಗಾಗಿ ವಧೂವರರ ಕೈಗೆ, ಕಲಶಕ್ಕೆ, ಮಂಟಪದ ನಾಲ್ಕು ಮೂಲೆಗೆ ಸಾಕು.

ದುರ್ಗದ ಕೋಟೆ
ಇದನ್ನೆಲ್ಲ ಓದಿ ನನಗೂ ಒಂದು ಡೌಟು. ಅಣ್ಣನ ಮದುವೆ ಡಿಸೆಂಬರ್ ಮೊದಲ ವಾರ, ಚಿತ್ರದುರ್ಗದಲ್ಲಿ ಹಳೇ ಛತ್ರ. ಎಸಿ ಇಲ್ಲ, ದೊಡ್ಡ ಕಿಟಕಿಗಳಿವೆ, ಗೋಡೆ ತಿಳಿ ಹಸಿರು. ಅತ್ತಿಗೆ ಮನೆಯವರು ಮಲ್ಲಿಗೆ ಮಂಟಪವೇ ಬೇಕು ಅಂತಿದ್ದಾರೆ.

ಮಾರ್ಕೆಟ್ ಮಂಜ
ಧನುರ್ಮಾಸಕ್ಕೆ ಮುಂಚೆ ಎಲ್ಲರಿಗೂ ಅದೇ ವಾರ ಬೇಕು, ರೇಟು ಏರಿರುತ್ತೆ. ಆ ಚಳಿಗೆ ಮಲ್ಲಿಗೆ ಮಂಟಪ ಅಂದ್ರೆ ದುಡ್ಡನ್ನ ನೀರಿಗೆ ಹಾಕಿದ ಹಾಗೆ. ಹುಡುಗಿಯ ಜಡೆಗೆ ಎಷ್ಟು ಬೇಕೋ ಅಷ್ಟು ಮಲ್ಲಿಗೆ ಹೇಳಿ. ಮಂಟಪಕ್ಕೆ ಬಿಳಿ ಸೇವಂತಿಗೆ, ನಡುನಡುವೆ ಕಾಕಡ. ತಿಳಿ ಹಸಿರು ಗೋಡೆಗೆ ಅದು ಮಲ್ಲಿಗೆಗಿಂತ ಚೆನ್ನಾಗಿ ಕಾಣುತ್ತೆ, ಹೂ ದೊಡ್ಡದು. ಕಿಟಕಿ ಗಾಳಿಗೆ ಹಾರಾಡದ ಹಾಗೆ ಮಾಲೆಯ ಕೆಳತುದಿಯನ್ನೂ ಕಟ್ಟಿಸಿ.

ದುರ್ಗದ ಕೋಟೆ
ಅತ್ತಿಗೆ ಮನೆಯವರಿಗೆ ಈ ಥ್ರೆಡ್ಡೇ ಕಳಿಸ್ತೀನಿ. ಅಣ್ಣಾ, ಹಳದಿ ಸೇವಂತಿಗೆ ಬೆರೆಸಬಹುದಾ?

ಬೆಳಕು ನೆರಳು
ಬೆರೆಸಿ. ಕಿಟಕಿ ಬೆಳಕಿಗೆ ಹಳದಿ ಚೆನ್ನಾಗಿ ಬರುತ್ತೆ. ಮಂಟಪವನ್ನ ಮಾತ್ರ ಕಿಟಕಿಗೆ ಬೆನ್ನು ಮಾಡಿ ನಿಲ್ಲಿಸಬೇಡಿ, ಮುಖ ಕಪ್ಪಾಗುತ್ತೆ. ಕಿಟಕಿ ಎಡಕ್ಕೋ ಬಲಕ್ಕೋ ಬರಲಿ.